ಬೋರ್‌ವೆಲ್ ಉಪವಾಸ ಮಾಡಿದ ಕಾರ್ತಿಕ

ಒದ್ದೆಯಾದ ಸೀಮೆಸುಣ್ಣಕ್ಕೆ ಒಂದು ವಾಸನೆ ಇರುತ್ತದೆ. ಶಾಲೆಯಲ್ಲಿ ಕರಿಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಬರುತ್ತಿತ್ತಲ್ಲ, ಅದೇ. ಅದಕ್ಕೆ ಸ್ವಲ್ಪ ತುಕ್ಕಿನ ವಾಸನೆ ಸೇರಿಸಿಕೊಳ್ಳಿ. ಹೋದ ತಿಂಗಳು ನಮ್ಮ ಬೀದಿಯ ಪಂಪ್‌ರೂಮಿನ ಶೀಟು ಸೋರಿ, ಒಳಗಿದ್ದ ಹಳೆಯ ಸಾಮಾನನ್ನೆಲ್ಲ ಹೊರಗೆ ಹಾಕಿಸುವಾಗ ಒಂದು ಬಿಸ್ಕತ್ತಿನ ಡಬ್ಬಿ ನನ್ನ ಕೈಗೆ ಬಂತು. ಮುಚ್ಚಳ ಕಚ್ಚಿಕೊಂಡಿತ್ತು. ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಒಳಗೆ ಸುತ್ತಿಟ್ಟ ಉಕ್ಕಿನ ಟೇಪು, ನೀರು ಕುಡಿದು ಮೆತ್ತಗಾದ ನೀಲಿ ಸೀಮೆಸುಣ್ಣದ ಎರಡು ತುಂಡು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲೇ ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟೆ. ಕೆಲಸದವನು ನನಗೆ ಸುಸ್ತಾಯಿತೇನೋ ಅಂದುಕೊಂಡು ನೀರು ತಂದುಕೊಟ್ಟ. ಸುಸ್ತಲ್ಲ ಕಣಪ್ಪ, ನಾಚಿಕೆ... ಅನ್ನಬೇಕೆನಿಸಿತು. ನೀರು ಕುಡಿದು ಲೋಟ ವಾಪಸು ಕೊಟ್ಟೆ.

ಆ ಟೇಪು ಎದುರುಮನೆ ಮೇಡಂ ಅವರದು. ಹದಿನಾರು ವರ್ಷದ ಹಿಂದೆ ನಮ್ಮ ಎದುರುಮನೆಯ ಮಹಡಿಗೆ ಬಾಡಿಗೆಗೆ ಬಂದಿದ್ದರು. ಅಂತರ್ಜಲಕ್ಕೆ ಸಂಬಂಧಪಟ್ಟ ಸರ್ಕಾರಿ ಕಚೇರಿಯೊಂದರಲ್ಲಿ ದುಡಿದು ಆಗಷ್ಟೇ ನಿವೃತ್ತರಾಗಿದ್ದವರು. ಮದುವೆ ಆಗಿರಲಿಲ್ಲ. ಅದರ ಬಗ್ಗೆ ಕೇಳುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಪಿನ್ ಹಾಕಿ ಎತ್ತಿ ಉಟ್ಟ ಕಾಟನ್ ಸೀರೆ, ಕೈಗೆ ಗಂಡಸರ ದೊಡ್ಡ ವಾಚು, ಬಿಸಿಲಿರಲಿ ಬಿಡಲಿ ಬಗಲಲ್ಲಿ ಕೊಡೆ. ಅವರು ಮಾಡುತ್ತಿದ್ದ ಕಾಫಿ ಮಾತ್ರ ದೇವರಿಗೇ ಪ್ರೀತಿ. ಕುಡಿದು ಬಂದ ಮೇಲೆ ನನ್ನ ಹೆಂಡತಿ ಮನೆಯಲ್ಲಿ ಇನ್ನೊಂದು ಲೋಟ ಮಾಡಿಕೊಡಬೇಕಾಗುತ್ತಿತ್ತು. ಆಫೀಸಿನ ಅಭ್ಯಾಸ ಬಿಟ್ಟಿರಲಿಲ್ಲ. ಹಾಲಿನವನಿಗೆ ಚೀಟಿ ಬರೆದರೂ ಕಾರ್ಬನ್ ಇಟ್ಟು ಎರಡು ಪ್ರತಿ ಮಾಡುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಆ ಕಾರ್ಬನ್ ಪ್ರತಿಯೇ ಮುಂದೆ ನನ್ನ ನಿದ್ದೆ ಕೆಡಿಸುತ್ತದೆ ಅಂತ ಯಾರಿಗೆ ಗೊತ್ತಿತ್ತು.

ನಮ್ಮದು ಜರಗನಹಳ್ಳಿಗೆ ಬೆನ್ನು ಕೊಟ್ಟುಕೊಂಡಿರುವ ಜೆ.ಪಿ. ನಗರದ ಒಂದು ಗಿಡ್ಡ ಬೀದಿ. ಹನ್ನೆರಡು ಮನೆ. ಕಾವೇರಿ ನೀರಿನ ಪೈಪು ಆಗಿನ್ನೂ ನಮ್ಮ ಕಡೆ ಬಂದಿರಲಿಲ್ಲ. ಬೀದಿಯ ತುದಿಯಲ್ಲಿ ಮೂರು ಬೆಂಚು ಹಾಕಿದ ಪುಟ್ಟ ಪಾರ್ಕು, ಅದರೊಳಗೆ ಹನ್ನೆರಡೂ ಮನೆಗೆ ಸೇರಿದ ಒಂದೇ ಬೋರ್‌ವೆಲ್. ಪಂಪ್‌ರೂಮಿನ ಬೀಗದಕೈ ಸಂಘದ ಕಾರ್ಯದರ್ಶಿಯ ಹತ್ತಿರ. ಕಾರ್ಯದರ್ಶಿ ನಾನು! ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಇಷ್ಟು ವರ್ಷದಲ್ಲಿ ಅದಕ್ಕಿಂತ ಎರಡೇ ಮೆಟ್ಟಿಲು ಮೇಲೆ ಹತ್ತಿದವನಿಗೆ ಹನ್ನೆರಡು ಮನೆಯ ಕಾರ್ಯದರ್ಶಿ ಪದವಿ ಸಣ್ಣದೇ? ಬೀಗದಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು ಸ್ನಾನಕ್ಕೂ ಹೋಗುತ್ತಿದ್ದೆ ಅಂತ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ. ಸುಳ್ಳೇನಲ್ಲ.

ಆ ವರ್ಷ ಹಿಂದಿನ ಬೀದಿಯ ಇಪ್ಪತ್ತು ಮನೆಯವರು ನಮ್ಮ ಬೋರ್‌ವೆಲ್ಲಿನಿಂದ ತಮಗೂ ನೀರು ಕೊಡಿ ಅಂತ ಕೇಳಿಕೊಂಡು ಬಂದರು. ಅವರದು ಬತ್ತಿಹೋಗಿತ್ತು. ನಮ್ಮ ಮೂಲೆಮನೆಯ ಯಜಮಾನರಿಗೆ ಆ ಬೀದಿಯಲ್ಲಿ ಬಾಡಿಗೆ ಮನೆಗಳಿದ್ದವು. ಹಾಗಾಗಿ ಅವರಿಗೆ ಧರ್ಮಬುದ್ಧಿ ಉಕ್ಕಿ ಬಂದಿತ್ತು. ನೀರು ಕೊಟ್ಟರೆ ಪುಣ್ಯ, ದೊಡ್ಡ ಪಂಪು ಇಳಿಸೋಣ ಅಂತ ಸಂಘದ ಸಭೆಯಲ್ಲಿ ಹೇಳಿದರು. ಎಲ್ಲರೂ ತಲೆ ಆಡಿಸಿದರು. ಆಗ ಮೇಡಂ ಎದ್ದು ನಿಂತು, ಕೊಡೆಯ ತುದಿಯನ್ನು ನೆಲಕ್ಕೆ ಊರಿಕೊಂಡು ಒಂದೇ ಮಾತು ಕೇಳಿದರು.

“ಪಾತ್ರೇಲಿ ಎಷ್ಟಿದೆ ಅಂತ ನೋಡದೆ ಎಷ್ಟು ಎಲೆಗೆ ಬಡಿಸ್ತೀರಿ?”

ನೋಡುವುದಾದರೂ ಹೇಗೆ? ಅದಕ್ಕೂ ಅವರ ಹತ್ತಿರ ಉತ್ತರವಿತ್ತು. ಸಾಮಾನ್ಯವಾಗಿ ದಿನಗಟ್ಟಲೆ ಪಂಪು ಓಡಿಸಿ, ನೀರು ಎಷ್ಟು ಇಳಿಯುತ್ತದೆ ನೋಡುತ್ತಾರಂತೆ. ಅಷ್ಟು ನೀರು ಚರಂಡಿಗೆ ಬಿಡುವುದು ಅವರಿಗೆ ಇಷ್ಟವಿರಲಿಲ್ಲ. ಅದರ ಬದಲು ಬೋರ್‌ವೆಲ್ಲನ್ನು ಒಂದು ತಿಂಗಳು ಮುಟ್ಟದೆ ಬಿಡಿ, ಚಂದ್ರನೇ ಅಳೆದುಕೊಡುತ್ತಾನೆ ಅಂದರು. ಮೂಲೆಮನೆಯವರು ನಕ್ಕು, ಚಂದ್ರನಿಗೆ ಉಕ್ಕುವುದು ಸಮುದ್ರ, ಬೆಂಗಳೂರಲ್ಲಿ ಸಮುದ್ರ ಎಲ್ಲಿದೆ ಅಂತ ಕೇಳಿದರು. ಮೇಡಂ ನಗಲಿಲ್ಲ. ಚಂದ್ರ ಸೂರ್ಯರು ಸಮುದ್ರವನ್ನಷ್ಟೇ ಅಲ್ಲ, ನಾವು ನಿಂತಿರುವ ಬಂಡೆಯನ್ನೂ ಎಳೆಯುತ್ತಾರಂತೆ. ಎಳೆದಾಗ ಬಂಡೆಯ ಬಿರುಕುಗಳು ಕೂದಲಿಗಿಂತ ಸಣ್ಣ ಪ್ರಮಾಣದಲ್ಲಿ ಹಿಗ್ಗುತ್ತವೆ, ಬಾವಿಯ ನೀರು ಸ್ವಲ್ಪ ಇಳಿಯುತ್ತದೆ. ಬಿಟ್ಟಾಗ ಬಿರುಕು ಕುಗ್ಗಿ ನೀರು ಮೇಲೆ ಬರುತ್ತದೆ. ದಿನಕ್ಕೆ ಎರಡು ಸಲ. ಬಂಡೆಯನ್ನು ಎಷ್ಟು ಎಳೆದರು ಅನ್ನುವುದನ್ನು ಲೆಕ್ಕ ಹಾಕಿ ಮೊದಲೇ ಹೇಳಬಹುದು. ನೀರು ಎಷ್ಟು ಆಡಿತು ಅಂತ ನಾವು ಅಳೆಯಬೇಕು. ಎರಡನ್ನೂ ಹೋಲಿಸಿದರೆ ಒಳಗೆ ನೀರು ಹಿಡಿಯುವ ಜಾಗ ಎಷ್ಟು ಅಂತ ಅಂದಾಜು ಸಿಗುತ್ತದೆ.

ನನಗೆ ಅರ್ಧ ಅರ್ಥವಾಯಿತು, ಪೂರ್ತಿ ಆದವನ ಹಾಗೆ ತಲೆ ಆಡಿಸಿದೆ. ಈ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ.

ದೀಪಾವಳಿಗೆ ಸ್ವಲ್ಪ ಮೊದಲು ಸಭೆ ಮುಗಿದಿತ್ತು. ನೀರು ತುಂಬುವ ಹಬ್ಬದ ಸಂಜೆ ಹನ್ನೆರಡೂ ಮನೆಯ ಹಂಡೆ, ಡ್ರಮ್ಮು, ಸಂಪು ತುಂಬಿಸಿಕೊಂಡೆವು. ಬಲಿಪಾಡ್ಯಮಿ ಮುಗಿದ ಮಾರನೆಯ ದಿನ ಪಂಪ್‌ರೂಮಿಗೆ ಬೀಗ ಹಾಕಿದೆ. ಕಾರ್ತಿಕ ಮಾಸ ಪೂರ್ತಿ, ಅಮಾವಾಸ್ಯೆಯವರೆಗೆ ಬೋರ್‌ವೆಲ್ಲಿಗೆ ಉಪವಾಸ, ನಮಗೆ ಟ್ಯಾಂಕರ್ ನೀರು. ಉಪವಾಸ ಅಂತ ಮೊದಲು ಅಂದದ್ದು ನನ್ನ ಹೆಂಡತಿ. ಆ ಹೆಸರೇ ನಿಂತಿತು. ಸೋಪು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ ಅಂತ ಗೊಣಗುತ್ತಿದ್ದ ಹೆಂಗಸರೂ, ಉಪವಾಸ ಅಂದ ಮೇಲೆ ವ್ರತ ಕೆಡಬಾರದು ಅಂತ ಸುಮ್ಮನಾದರು. ಸಂಜೆ ತುಳಸಿಕಟ್ಟೆಗೆ ದೀಪ ಇಡುವಾಗ ಒಬ್ಬಿಬ್ಬರು ಬೋರ್‌ವೆಲ್ ಹತ್ತಿರವೂ ಒಂದು ಹಣತೆ ಇಟ್ಟು ಹೋಗುತ್ತಿದ್ದರು. ಮೇಡಂ ಬೇಡ ಅನ್ನುತ್ತಿರಲಿಲ್ಲ. ಎಣ್ಣೆ ಮಾತ್ರ ಪೈಪಿನೊಳಗೆ ಬೀಳದ ಹಾಗೆ ದೂರ ಸರಿಸುತ್ತಿದ್ದರು.

ಹಳೆಯ ಆಫೀಸಿನ ಯಾರನ್ನೋ ಕೇಳಿ ಟಾರ್ಚಿನಂಥ ಉಕ್ಕಿನ ಕೊಳವೆಯೊಂದನ್ನು ತಂದು ಬಾವಿಯೊಳಗೆ ತೂಗುಬಿಟ್ಟಿದ್ದರು. ಅದು ತಾನೇ ಹಗಲೂ ರಾತ್ರಿ ನೀರಿನ ಮಟ್ಟ ಬರೆದುಕೊಳ್ಳುತ್ತಿತ್ತು. ಆದರೂ ದಿನಕ್ಕೆ ನಾಲ್ಕು ಸಲ ಟೇಪು ಹಿಡಿದು ಬರುತ್ತಿದ್ದರು. ಟೇಪಿನ ತುದಿಯ ಎರಡಡಿಗೆ ನೀಲಿ ಸೀಮೆಸುಣ್ಣ ಉಜ್ಜುವುದು, ಪೈಪಿನ ಬಾಯಿಗೆ ಲೆಕ್ಕದ ಗುರುತು ಬರುವ ತನಕ ಇಳಿಬಿಡುವುದು, ಎಳೆದು ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ನೋಡುವುದು. ಟೇಪಿನ ಮೇಲೆ ಬೆರಳಿಟ್ಟು, ಕನ್ನಡಕ ಹಣೆಗೇರಿಸಿ, ಮೂಗಿನ ಹತ್ತಿರ ತಂದು ಓದುತ್ತಿದ್ದರು. ಒಂದೇ ಅಳತೆಯನ್ನು ಎರಡು ಸಲ. ಎರಡೂ ಒಂದೇ ಬರದಿದ್ದರೆ ಮೂರನೆಯ ಸಲ. ಯಂತ್ರ ಇದೆಯಲ್ಲ ಮೇಡಂ, ಮತ್ತೆ ಇದ್ಯಾಕೆ ಅಂದರೆ, ಯಂತ್ರ ಸುಳ್ಳು ಹೇಳಿದರೆ ಅದರ ಮುಖ ನೋಡಿ ಗೊತ್ತಾಗುವುದಿಲ್ಲವಲ್ಲ ಅನ್ನುತ್ತಿದ್ದರು.

ಬೆಳಿಗ್ಗೆ ವಾಕಿಂಗ್ ಮುಗಿಸಿ ನಾನೂ ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ. ಒಂದು ದಿನ ನೀರು ಎರಡು ಬೆರಳು ಏರಿದರೆ, ಹುಣ್ಣಿಮೆ ಹತ್ತಿರ ಬಂದಾಗ ನಾಲ್ಕು ಬೆರಳು. ಇದು ಅಕ್ಕಪಕ್ಕದ ಪಂಪುಗಳ ಆಟವಲ್ಲ, ಚಂದ್ರನದೇ ಅಂತ ಹೇಗೆ ಗೊತ್ತು ಅಂತ ಕೇಳಿದೆ. ಪಂಪಿನವರು ದಿನಾ ಒಂದೇ ಹೊತ್ತಿಗೆ ಸ್ವಿಚ್ ಹಾಕುತ್ತಾರೆ, ಚಂದ್ರ ಮಾತ್ರ ನಿಮ್ಮ ಮನೆ ಕೆಲಸದವಳ ಹಾಗೆ ದಿನಾ ಮುಕ್ಕಾಲು ಗಂಟೆ ಚಿಲ್ಲರೆ ತಡ ಅಂದರು. ಅವರು ತಮಾಷೆ ಮಾಡಿದ್ದು ಅಪರೂಪ, ಅದಕ್ಕೇ ನೆನಪಿದೆ. ಇನ್ನೊಂದು ದಿನ, ಕೇಳದೆಯೇ, ತಮ್ಮಷ್ಟಕ್ಕೆ ಹೇಳಿಕೊಂಡ ಹಾಗೆ ಅಂದರು, ಇಡೀ ಸರ್ವಿಸಿನಲ್ಲಿ ಎಷ್ಟೋ ಬಾವಿ ಅಳೆದೆ, ಎಲ್ಲ ಅರ್ಜೆಂಟು, ಎಲ್ಲ ಫೈಲಿಗಾಗಿ. ಒಂದು ಬಾವಿಯನ್ನು ತಾಳ್ಮೆಯಿಂದ ನೋಡುತ್ತಿರುವುದು ಇದೇ ಮೊದಲು... ಆಗ ಅವರ ಮುಖ ನೋಡಬೇಕಿತ್ತು ನೀವು.

ನಮ್ಮ ಅಡುಗೆಮನೆಯಲ್ಲಿ ನಡೆದದ್ದನ್ನೂ ಹೇಳಬೇಕು. ಒಂದು ಮಧ್ಯಾಹ್ನ ಹೆಂಡತಿ, ಏರಿಳಿತ ನೋಡಿ ನೀರೆಷ್ಟು ಅಂತ ಹೇಗೆ ಹೇಳ್ತೀರಿ ಅಂತ ಕೇಳಿದಳು. ಮೇಡಂ ಒಂದು ಅಗಲವಾದ ಪರಾತ ಇಡಿಸಿದರು, ಪಕ್ಕದಲ್ಲಿ ಒಂದು ಉದ್ದ ಲೋಟ. ಎರಡಕ್ಕೂ ಅಳೆದು ಒಂದೊಂದು ಸೌಟು ನೀರು ಹಾಕಿಸಿದರು. ನಾನು ಹಜಾರದಲ್ಲಿ ಪೇಪರ್ ಓದುತ್ತಿದ್ದೆ. ಪಾತ್ರೆ ಸದ್ದು ಕೇಳಿಸಿತು, ಹೆಂಡತಿ ಅಯ್ಯೋ ಹೌದಲ್ಲಾ ಅಂದದ್ದು ಕೇಳಿಸಿತು. ಹತ್ತು ಹೆಜ್ಜೆ. ಎದ್ದು ಹೋಗಿ ನೋಡಲಿಲ್ಲ.

ಹುಣ್ಣಿಮೆ ಕಳೆದ ಮೇಲೆ ಬಂತು ನನ್ನ ಅಮ್ಮನ ತಿಥಿ. ಹಿಂದಿನ ದಿನ ಪುರೋಹಿತರು ಬಂದು ಸಾಮಾನು ಪಟ್ಟಿ ನೋಡಿ, ಟ್ಯಾಂಕರ್ ನೀರಲ್ಲಿ ಮಡಿ ಅಡುಗೆ ಮಾಡಿದರೆ ನಾನು ಕೂರುವುದಿಲ್ಲ ಅಂದುಬಿಟ್ಟರು. ಯಾರು ಯಾರು ಮುಟ್ಟಿದ್ದೋ, ಎಲ್ಲಿ ತುಂಬಿದ್ದೋ, ಬಾವಿ ನೀರೇ ಆಗಬೇಕು. ಗಿರಿನಗರದಲ್ಲೋ ಸಿದ್ದಾಪುರದಲ್ಲೋ ಪರಿಚಯದವರ ಬಾವಿಯಿಂದ ಎರಡು ಕೊಡ ತರಬಹುದಿತ್ತು. ಮೇಡಂ ಹತ್ತಿರ ಹೋಗಿ ಕೇಳಬಹುದಿತ್ತು. ಬೀಗದಕೈ ಎದೆಯ ಮೇಲೇ ನೇತಾಡುತ್ತಿರುವಾಗ ಅದೆಲ್ಲ ಯಾಕೆ ತೋಚುತ್ತದೆ ಹೇಳಿ? ತಿಥಿಯ ದಿನ ಬೆಳಿಗ್ಗೆ, ಬೀದಿ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವಾಗ, ಒದ್ದೆ ಪಂಚೆಯಲ್ಲೇ ಹೋಗಿ ಹತ್ತು ನಿಮಿಷ ಪಂಪು ಹಾಕಿದೆ. ನಾಲ್ಕು ಕೊಡ ತುಂಬಿಸಿಕೊಂಡೆ. ತಿಂಗಳಲ್ಲಿ ಹತ್ತು ನಿಮಿಷ ಯಾವ ಲೆಕ್ಕ ಅಂದುಕೊಂಡೆ. ವಡೆ, ಆಂಬೊಡೆ, ಪಾಯಸ ಎಲ್ಲ ಸಾಂಗವಾಗಿ ಆಯಿತು. ವಡೆಯ ವಾಸನೆ ಬೀದಿಗೆಲ್ಲ ಹೋಗಿ, ನನ್ನ ಮನೆಯಲ್ಲಿ ಅಂದು ತಿಥಿ ಅಂತ ಹನ್ನೆರಡೂ ಮನೆಗೆ ಗೊತ್ತಾಯಿತು.

ಎರಡು ದಿನ ಬಿಟ್ಟು ಮೇಡಂ ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತರು. ಮಡಿಲಲ್ಲಿ ಗ್ರಾಫ್ ಹಾಳೆ. ಮೆತ್ತಗಿನ ಏರಿಳಿತಗಳ ನಡುವೆ ಒಂದು ಕಡೆ ಗೆರೆ ಸಟ್ಟನೆ ಕೆಳಕ್ಕೆ ಬಿದ್ದು, ನಿಧಾನವಾಗಿ ತೆವಳಿಕೊಂಡು ಮೇಲೆ ಬಂದಿತ್ತು.

“ಅಮ್ಮನ ತಿಥಿ ದಿನ ಹತ್ತು ನಿಮಿಷ ಪಂಪ್ ಹಾಕಿದ್ರಿ ಅಲ್ವಾ ಸೆಕ್ರೆಟರಿಯವರೇ?”

ಸುಳ್ಳು ಹೇಳಲು ಹೊರಟವನು, ಆ ಗೆರೆ ನೋಡಿ ಹೌದು ಅಂದೆ. ಪುರೋಹಿತರ ಕಥೆಯನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. ತಾಯಿ ಕೆಲಸ, ಹೋಗಲಿ ಬಿಡಿ, ಉಪವಾಸವನ್ನು ಎರಡು ದಿನ ಹೆಚ್ಚು ಮಾಡೋಣ ಅಂದರು. ಹಾಗೇ ಮಾಡಿದರು. ಎರಡು ದಿನ ಯಾಕೆ ಜಾಸ್ತಿ ಅಂತ ಎಲ್ಲರೂ ಕೇಳಿದರು, ಅವರನ್ನೇ ಬೈದುಕೊಂಡರು. ಅವರು ಯಾರಿಗೂ ಕಾರಣ ಹೇಳಲಿಲ್ಲ. ನಾನಂತೂ ಹೇಳಲೇ ಇಲ್ಲ.

ಲೆಕ್ಕವೆಲ್ಲ ಮುಗಿದು ವರದಿ ಬರೆಯುವ ಹೊತ್ತಿಗೆ ಮಾರ್ಗಶಿರ ಅರ್ಧ ಕಳೆದಿತ್ತು. ಸಭೆಯ ಭಾನುವಾರ ಗಿರಿನಗರದಲ್ಲಿದ್ದ ಅವರ ತಂಗಿಗೆ ಕಣ್ಣಿನ ಆಪರೇಷನ್ ಆಗಿ, ಅವರು ಅಲ್ಲೇ ಉಳಿಯಬೇಕಾಯಿತು. ಹಿಂದಿನ ದಿನ ಮನೆಗೆ ಬಂದು ಎರಡು ಹಾಳೆಯ ವರದಿ ನನ್ನ ಕೈಗಿಟ್ಟರು. ಸುಲಭ ಕನ್ನಡದಲ್ಲಿ ಬರೆದಿದ್ದೀನಿ, ಎರಡೂ ಹಾಳೆ ಓದಿಹೇಳಿ, ನೀವು ಏನೂ ವಿವರಿಸುವುದು ಬೇಡ ಅಂದರು. ಮೊದಲೇ ಒಮ್ಮೆ ಓದಿಕೊಳ್ಳಬೇಕಿತ್ತು. ಓದಲಿಲ್ಲ. ಓದುವುದೇನು ಮಹಾ ಅನ್ನುವ ಜಂಬ.

ಸಭೆ ಮೂಲೆಮನೆಯವರ ಪೋರ್ಟಿಕೋದಲ್ಲಿ. ಹಿಂದಿನ ಬೀದಿಯಿಂದಲೂ ಜನ ಬಂದಿದ್ದರು. ನಿಂತು ಗಂಟಲು ಸರಿಮಾಡಿಕೊಂಡು ಮೊದಲ ಹಾಳೆ ಓದಿದೆ. ಹೇಗೆ ಅಳೆದರು, ಎಷ್ಟು ದಿನ, ಗಾಳಿಯ ಒತ್ತಡದಿಂದಾದ ಏರಿಳಿತದ ಪಾಲನ್ನು ಹೇಗೆ ಕಳೆದರು, ಕೊನೆಯ ಸಾಲಿನಲ್ಲಿ ‘ಈ ಬಾವಿಯ ಏರಿಳಿತ ನಾನು ಎಣಿಸಿದ್ದಕ್ಕಿಂತ ಬಹಳ ದೊಡ್ಡದು’. ಹಾಳೆ ತಿರುವಿದೆ. ಎರಡನೆಯ ಹಾಳೆಯ ಮೊದಲ ಸಾಲು ಕಣ್ಣಿಗೆ ಬಿತ್ತು. ತಿಥಿಯ ತಾರೀಖು ಹಾಕಿ, ‘ಈ ದಿನ ಬೆಳಿಗ್ಗೆ ಹತ್ತು ನಿಮಿಷ ಪಂಪು ನಡೆದಿದೆ’ ಅಂತ ಬರೆದಿತ್ತು.

ಹೆಸರಿರಲಿಲ್ಲ. ನನ್ನ ಹೆಸರು ಎಲ್ಲೂ ಇರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಆ ತಾರೀಖು ಓದಿದರೆ ವಡೆ ವಾಸನೆ ಎಲ್ಲರಿಗೂ ನೆನಪಾಗುತ್ತದೆ, ಹನ್ನೆರಡು ಮನೆಯನ್ನು ಉಪವಾಸ ಕೆಡವಿ ಬೀಗದಕೈ ಇಟ್ಟುಕೊಂಡವನೇ ನೀರು ಕದ್ದ ಅನ್ನುತ್ತಾರೆ ಅಂತ ಹೆದರಿದೆ. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡೆ. ಮಿಕ್ಕದ್ದೆಲ್ಲ ಬರೀ ಅಂಕಿಅಂಶ ಅಂದೆ. ಹಾಗಾದರೆ ಒಟ್ಟಾರೆ ಏನಂತೆ ಅಂತ ಮೂಲೆಮನೆಯವರು ಕೇಳಿದರು. ಏರಿಳಿತ ದೊಡ್ಡದು ಅಂದರೆ ಒಳ್ಳೆಯ ಸುದ್ದಿಯೇ ಇರಬೇಕು ಅಂತ ನನಗೆ ನಿಜವಾಗಿಯೂ ಅನಿಸಿತ್ತು. ನಾಡಿ ಜೋರಾಗಿ ಬಡಿದರೆ ಆಳು ಗಟ್ಟಿ ಅಲ್ಲವೇ?

“ನೀರು ಚೆನ್ನಾಗಿ ಆಡ್ತಿದೆ ಅಂತ ಬರ್ದಿದ್ದಾರೆ. ಬೋರ್‌ವೆಲ್ಲಲ್ಲಿ ಜೀವ ಇದೆ,” ಅಂದೆ.

ಚಪ್ಪಾಳೆ ಬಿತ್ತು. ಹಿಂದಿನ ಬೀದಿಗೆ ನೀರು, ದೊಡ್ಡ ಪಂಪು, ಎರಡೂ ಅಲ್ಲೇ ತೀರ್ಮಾನವಾದವು. ಸಂಘದ ನಡಾವಳಿ ಪುಸ್ತಕದಲ್ಲಿ ನನ್ನ ಕೈಯಾರೆ ಬರೆದೆ. ‘ಮೇಡಂ ಅವರ ಅಳತೆಯ ಪ್ರಕಾರ ನೀರು ಧಾರಾಳವಾಗಿದೆ ಎಂದು ಸಭೆಗೆ ತಿಳಿಸಲಾಯಿತು.’ ಆ ‘ಧಾರಾಳ’ ಎಲ್ಲಿಂದ ಬಂತೋ, ನನ್ನ ಪೆನ್ನಿಗೇ ಗೊತ್ತು.

ಮನೆಗೆ ಬಂದು ಊಟಕ್ಕೆ ಕೂತಾಗ ನಡೆದದ್ದನ್ನೆಲ್ಲ ಹೇಳಿದೆ. ಹೆಂಡತಿಯ ಕೈಯಲ್ಲಿ ಹುಳಿಯ ಸೌಟು ಹಾಗೇ ನಿಂತಿತು.

“ಅಲ್ಲಾ ರೀ, ಒಂದೇ ಸೌಟು ನೀರಿಗೆ ಲೋಟದಲ್ಲಿ ಜಾಸ್ತಿ ಏರಿತು, ಪರಾತದಲ್ಲಿ ಏರಲೇ ಇಲ್ಲ. ಜಾಸ್ತಿ ಏರಿದ್ರೆ ಒಳಗೆ ಜಾಗ ಕಮ್ಮಿ ಅಂತಲ್ವಾ ಅವ್ರು ತೋರಿಸಿದ್ದು?”

ಕೈ ತೊಳೆದು ಜೇಬಿನ ಹಾಳೆ ಬಿಡಿಸಿದೆ. ಅದರಲ್ಲಿ ಎಲ್ಲ ಇತ್ತು. ಏರಿಳಿತ ದೊಡ್ಡದಾಗಿರುವುದರಿಂದ ಇಲ್ಲಿನ ಬಂಡೆಯ ಬಿರುಕುಗಳಲ್ಲಿ ನೀರು ಹಿಡಿಯುವ ಜಾಗ ತೀರ ಕಡಿಮೆ. ಹತ್ತು ನಿಮಿಷದ ಪಂಪಿಗೇ ಮಟ್ಟ ಕುಸಿದು, ಮೊದಲಿನಂತಾಗಲು ಮಧ್ಯಾಹ್ನದವರೆಗೆ ಹಿಡಿದದ್ದೂ ಇದನ್ನೇ ಹೇಳುತ್ತದೆ. ಈಗಿರುವ ಹನ್ನೆರಡು ಮನೆಗೇ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪಂಪು ನಡೆಸಬಾರದು. ಹೊಸ ಸಂಪರ್ಕ ಖಂಡಿತ ಬೇಡ. ನನ್ನ ಕಳ್ಳತನವನ್ನೂ ಅವರು ಸಾಕ್ಷಿ ಮಾಡಿಕೊಂಡಿದ್ದರು, ಕಳ್ಳನ ಹೆಸರು ಬಿಟ್ಟು.

ನಾಳೆಯೇ ಎಲ್ಲರನ್ನೂ ಕರೆದು ಹೇಳಿಬಿಡಿ ಅಂದಳು ಹೆಂಡತಿ. ನಾಳೆ ಅಂದೆ. ನಾಳೆ ಸೋಮವಾರ, ಆಫೀಸು. ಮಂಗಳವಾರ ಒಳ್ಳೆಯದಲ್ಲ. ಮೂಲೆಮನೆಯವರು ಊರಿಂದ ಬರಲಿ... ಹೀಗೇ ಒಂದು ವಾರ. ಮುಂದಿನ ಭಾನುವಾರ ಲಾರಿ ಬಂದು ದೊಡ್ಡ ಪಂಪು ಇಳಿಸಿತು. ನಾನೇ ನಿಂತು ಕಾಯಿ ಒಡೆದೆ. ಹೆಂಡತಿ ಅವತ್ತು ಹೊರಗೆ ಬರಲಿಲ್ಲ. ಮೇಡಂ ಗಿರಿನಗರದಿಂದ ವಾಪಸು ಬಂದದ್ದು ಅದಾದ ಮೇಲೆ. ಪಾರ್ಕಿನ ಮುಂದೆ ನಿಂತು ಹೊಸ ಪೈಪನ್ನು ನೋಡಿದರು. ನನ್ನ ಮನೆಯ ಕಡೆ ನೋಡಿದರು. ನಾನು ಕಿಟಕಿಯಿಂದ ಹಿಂದಕ್ಕೆ ಸರಿದೆ. ಆಮೇಲೆ ಒಂದು ಸಲ ದಾರಿಯಲ್ಲಿ ಸಿಕ್ಕಾಗ, ವರದಿ ಓದಿದ ಮೇಲೂ ಹೀಗೆ ಮಾಡಿದರಾ ಅಂತ ಕೇಳಿದರು. ಮೆಜಾರಿಟಿ ಮೇಡಂ, ಏನು ಮಾಡೋದು ಅಂದೆ.

ಶಿವರಾತ್ರಿ ಕಳೆದು ವಾರವಾಗಿರಲಿಲ್ಲ, ನಲ್ಲಿಯಲ್ಲಿ ಗಾಳಿ ಬರತೊಡಗಿತು. ಯುಗಾದಿಯ ಎಣ್ಣೆ ಸ್ನಾನಕ್ಕೆ ನೀರಿಲ್ಲ. ಪಂಪು ಸುಟ್ಟುಹೋಯಿತು. ಮೂವತ್ತೆರಡು ಮನೆಯವರು ಕೊಡ ಹಿಡಿದು ಟ್ಯಾಂಕರ್ ಹಿಂದೆ ಓಡುವ ಹಾಗಾಯಿತು. ಹಿಂದಿನ ಬೀದಿಯಲ್ಲಿ ಎರಡು ಮನೆಯವರು ಖಾಲಿ ಮಾಡಿಕೊಂಡೇ ಹೋದರು. ಮತ್ತೆ ಸಭೆ, ಅದೇ ಪೋರ್ಟಿಕೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅಂಥ ಸಭೆ ಅದು. ಒಬ್ಬರಾದ ಮೇಲೆ ಒಬ್ಬರು ಎದ್ದು, ಮೇಡಂ ಲೆಕ್ಕ ನಂಬಿ ಕೆಟ್ಟೆವು ಅಂದರು. ಚಂದ್ರನಂತೆ, ಉಪವಾಸವಂತೆ, ಒಂದು ತಿಂಗಳು ನಮ್ಮನ್ನು ಕುಣಿಸಿದ್ದೇ ಬಂತು ಅಂದರು. ಇಡೀ ಕಾರ್ತಿಕ ಬೋರ್‌ವೆಲ್ಲಿನ ಮುಂದೆ ದೀಪ ಇಟ್ಟವರೂ ಅಂದರು.

ಮೇಡಂ ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದರು. ಎಲ್ಲರೂ ಮುಗಿಸಿದ ಮೇಲೆ ಕೈಚೀಲದ ಜಿಪ್ಪು ತೆಗೆದರು. ಒಳಗಿನಿಂದ ತೆಳ್ಳನೆಯ ಹಾಳೆಯ ಅಂಚು ಕಾಣಿಸಿತು, ನೀಲಿ ಅಕ್ಷರ. ಕಾರ್ಬನ್ ಪ್ರತಿ. ಅವರು ಅದನ್ನು ಹೊರಗೆ ತೆಗೆಯದೆ, ನನ್ನ ಕಡೆ ತಿರುಗಿದರು.

“ಸೆಕ್ರೆಟರಿಯವರೇ, ನಾನು ಕೊಟ್ಟ ವರದಿ ಪೂರ್ತಿ ಓದಿದ್ರಾ?”

ಸಿಟ್ಟಿನಿಂದ ಕೇಳಲಿಲ್ಲ. ಹೌದೋ ಅಲ್ಲವೋ ನಾನೇ ಹೇಳಲಿ ಅಂತ ದಾರಿ ಬಿಟ್ಟುಕೊಟ್ಟ ಹಾಗೆ ಕೇಳಿದರು. ಎಲ್ಲ ತಲೆಗಳೂ ನನ್ನ ಕಡೆ ತಿರುಗಿದ್ದವು. ಹೆಂಡತಿಯೂ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು.

“ಓದಿದ್ದೀನಿ ಮೇಡಂ,” ಅಂದೆ.

ಅವರು ನನ್ನನ್ನು ಇನ್ನೊಂದು ಕ್ಷಣ ನೋಡಿದರು, ಟೇಪನ್ನು ಎರಡನೆಯ ಸಲ ಓದುವಾಗ ನೋಡುತ್ತಿದ್ದರಲ್ಲ, ಹಾಗೆ. ಚೀಲದ ಜಿಪ್ಪು ಎಳೆದರು. ಎದ್ದು ನಿಂತು, ಅಳತೆ ಸರಿ ಇತ್ತು ಅಂತಷ್ಟೇ ಹೇಳಿ ಹೊರಟುಹೋದರು. ಹಿಂದಿನಿಂದ ಯಾರೋ ನಕ್ಕರು. ಆ ಹಾಳೆ ತೆಗೆದು ನನ್ನ ಮುಖದ ಮೇಲೆ ಯಾಕೆ ಬಿಸಾಡಲಿಲ್ಲ ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಹೆಂಡತಿಯನ್ನು ಕೇಳಿದರೆ, ಅದನ್ನು ತೆಗೆದಿದ್ದರೆ ನಿಮ್ಮಮ್ಮನ ತಿಥಿಯ ಮಾತೂ ಬರುತ್ತಿತ್ತಲ್ಲ, ಅದಕ್ಕೇ ಇರಬೇಕು ಅನ್ನುತ್ತಾಳೆ.

ಎರಡು ತಿಂಗಳಲ್ಲಿ ಮನೆ ಖಾಲಿ ಮಾಡಿ ಗಿರಿನಗರಕ್ಕೆ, ತಂಗಿಯ ಮನೆಗೆ ಹೊರಟರು. ಹೋಗುವ ದಿನ ಬಿಸ್ಕತ್ತಿನ ಡಬ್ಬಿಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಬಾವಿ ಹತ್ತಿರ ಇರಲಿ, ನೀರು ಯಾವತ್ತಾದರೂ ಮೇಲೆ ಬಂದರೆ ಅಳೆಯುವುದಕ್ಕೆ ಬೇಕಾಗುತ್ತದೆ ಅಂದರಂತೆ. ನಾನು ಆ ಹೊತ್ತಿಗೆ ಬಚ್ಚಲುಮನೆಯಲ್ಲಿದ್ದೆ. ಬೇಕೆಂದೇ ಇದ್ದೆ.

ಆಮೇಲೆ ಕಾವೇರಿ ನೀರು ಬಂತು. ಕನಕಪುರ ರಸ್ತೆಯ ಮೇಲೆ ಮೆಟ್ರೋ ಬಂತು. ಜನ ಮರೆತರು. ಹೆಂಡತಿ ವರ್ಷಕ್ಕೆರಡು ಸಲ, ಗೌರಿ ಹಬ್ಬಕ್ಕೊಂದು ಸಂಕ್ರಾಂತಿಗೊಂದು, ಗಿರಿನಗರಕ್ಕೆ ಹೋಗಿ ಬರುತ್ತಿದ್ದಳು. ಪ್ರತಿ ಸಲವೂ ನೀವೂ ಬನ್ನಿ ಅನ್ನುತ್ತಿದ್ದಳು. ಮೊದಮೊದಲು ಆಫೀಸು ಅಂದೆ, ಆಮೇಲೆ ಮಂಡಿನೋವು ಅಂದೆ. ಮೂರು ವರ್ಷದ ಹಿಂದೆ ಅವರ ತಂಗಿ ಫೋನ್ ಮಾಡಿ ಸುದ್ದಿ ಹೇಳಿದರು. ವೈಕುಂಠ ಸಮಾರಾಧನೆಗೆ ಹೆಂಡತಿ ಹೋದಳು. ನಾನು ಅವತ್ತೂ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಅವರ ಎಲೆಯ ಊಟ ಉಣ್ಣುವ ಯೋಗ್ಯತೆ ನನಗಿರಲಿಲ್ಲ.

ಡಬ್ಬಿ ಸಿಕ್ಕ ಮೇಲಿನ ಭಾನುವಾರ ಬೀದಿಯ ಸಭೆ ಇತ್ತು. ಬೇಸಿಗೆಯಲ್ಲಿ ಕಾವೇರಿ ನೀರು ಸಾಲದು, ಅದೇ ಪಾರ್ಕಿನಲ್ಲಿ ಹೊಸ ಬೋರ್‌ವೆಲ್ ಕೊರೆಸೋಣ ಅನ್ನುವುದು ವಿಷಯ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೀರು ನೋಡುವವನೊಬ್ಬ ಬಂದು, ಧಾರಾಳ ಇದೆ ಅಂದು ಹೋಗಿದ್ದನಂತೆ. ಆ ‘ಧಾರಾಳ’ ಮತ್ತೆ ಕಿವಿಗೆ ಬಿದ್ದಾಗ ನನ್ನಿಂದ ಕೂರಲಾಗಲಿಲ್ಲ. ಮನೆಗೆ ಹೋಗಿ, ಆ ವರ್ಷದ ಪಂಚಾಂಗದೊಳಗೆ ಅಮ್ಮನ ತಿಥಿಯ ಪುಟದಲ್ಲಿ ಇಟ್ಟಿದ್ದ ಎರಡನೆಯ ಹಾಳೆ ತಂದೆ. ನಿಂತು ಪೂರ್ತಿ ಓದಿದೆ. ಮೊದಲ ಸಾಲಿನಿಂದ. ಆ ಹತ್ತು ನಿಮಿಷ ಪಂಪು ಹಾಕಿದವನು ನಾನು, ಈ ಹಾಳೆ ಮುಚ್ಚಿಟ್ಟವನೂ ನಾನು, ಸಭೆಗೆ ಪೂರ್ತಿ ಓದಿದ್ದೀನಿ ಅಂತ ಅವರ ಮುಂದೆಯೇ ಸುಳ್ಳು ಹೇಳಿದವನೂ ನಾನು ಅಂದೆ.

ಯಾರೂ ಬೈಯಲಿಲ್ಲ. ಬೈಯುವುದಕ್ಕೆ ಅಂದಿನವರು ಇದ್ದರೆ ತಾನೇ. ಮೂಲೆಮನೆಯವರು ತೀರಿಕೊಂಡು ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಕೂತಿದ್ದವರೆಲ್ಲ ಹೊಸ ಮುಖಗಳು, ಪಾಪ, ಮರ್ಯಾದೆಯಿಂದ ಕೇಳಿಸಿಕೊಂಡರು. ಈಗಿನ ಸೆಕ್ರೆಟರಿ ಹುಬ್ಬಳ್ಳಿ ಕಡೆಯ ಹುಡುಗಿ, ಯಾವುದೋ ಆಫೀಸಿನಲ್ಲಿ ಕೆಲಸ. ಪೆನ್ನು ಎತ್ತಿ ಕೇಳಿದಳು.

“ಯಾವ ಮೇಡಂ ಅಂಕಲ್? ಇವತ್ತ ಅವರನ್ನೂ ಕರೀಬೇಕಿತ್ತಲ್ರಿ.”

ಈಗಿಲ್ಲಮ್ಮ ಅಂದೆ. ಅವರ ಹೆಸರು ಹೇಳಿದೆ, ಇನಿಶಿಯಲ್ ಸಮೇತ. ಹಳೆಯ ನಡಾವಳಿ ಪುಸ್ತಕ ತೆಗೆದು, ನನ್ನದೇ ಅಕ್ಷರದ ಆ ಸಾಲು ತೋರಿಸಿ, ಇದನ್ನು ಹೊಡೆದುಹಾಕು ಅಂದೆ. ಅವಳು ಅಡ್ಡಡ್ಡ ತಲೆ ಆಡಿಸಿದಳು.

“ಹಳೇ ಮಿನಿಟ್ಸ್ ತಿದ್ದಾಕ ಬರೂದಿಲ್ರಿ ಅಂಕಲ್. ಇವತ್ತಿಂದ್ರಾಗ ಬರೀತೀನಿ, ಏನ್ ಬರೀಲಿ ಹೇಳ್ರಿ.”

ಹೇಳಿ ಬರೆಸಿದೆ. ‘ವರದಿಯ ಎರಡನೆಯ ಹಾಳೆಯನ್ನು ಅಂದಿನ ಕಾರ್ಯದರ್ಶಿ ಸಭೆಗೆ ಓದಿ ಹೇಳಲಿಲ್ಲ. ಅಳತೆ ಸರಿ ಇತ್ತು.’ ಬೋರ್‌ವೆಲ್ ವಿಷಯವನ್ನು ಮುಂದಿನ ಸಭೆಗೆ ಹಾಕಿದರು. ಪುಸ್ತಕ ಕೈಯಿಂದ ಕೈಗೆ ಹೋಯಿತು. ದಯವಿಟ್ಟು ಓದಿ ಸಹಿ ಮಾಡಿ ಅಂತ ಕೇಳಿಕೊಂಡೆ. ಎಲ್ಲರಿಗೂ ಮನೆಗೆ ಹೋಗುವ ಆತುರ, ಬೆರಳು ತೋರಿಸಿದ ಕಡೆ ಸಹಿ ಹಾಕಿ ಎದ್ದರು.

ಒಂದೇ ಸಾಲನ್ನು ಎರಡು ಸಲ ಓದುವವರೊಬ್ಬರು ಹನ್ನೆರಡು ವರ್ಷ ಗಿರಿನಗರದಲ್ಲಿದ್ದರು. ಇಲ್ಲಿಂದ ಒಂದೇ ಬಸ್ಸು. ನಾನು ಹತ್ತಲಿಲ್ಲ.